ಮೈನಸ್ 5ರ ಹದ: ಹಿತ್ತಲಲ್ಲಿ ಮಕ್ಕಳ ಹಾಕಿ ಅಂಗಳ

ಕೆನಡಾದ ಮಕ್ಕಳು ತಾವೇ ಗುಂಪು ಕಟ್ಟಿಕೊಂಡು ಆಡುವ ಐಸ್ ಹಾಕಿಗೆ ‘ಶಿನ್ನಿ’ ಎಂದು ಹೆಸರು. ಸ್ಕಾಟ್ಲೆಂಡಿನಿಂದ ವಲಸೆ ಬಂದವರ ‘ಶಿಂಟಿ’ ಆಟದ ಹೆಸರು ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ತೀರ್ಪುಗಾರರಿಲ್ಲ, ಸಮವಸ್ತ್ರವಿಲ್ಲ, ಗೋಲಿನ ಲೆಕ್ಕ ಇಟ್ಟರೆ ಇಟ್ಟರು, ಬಿಟ್ಟರೆ ಬಿಟ್ಟರು. ಕಟ್ಟುಪಾಡುಗಳು ಮಾತ್ರ ಇವೆ. ಗೋಲ್‌ಕೀಪರ್ ಬೇಡ, ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಅಂದರೆ ಪಕ್, ನೆಲ ಬಿಟ್ಟು ಏಳಬಾರದು, ಕತ್ತಲಾಗುತ್ತ ಬಂದರೆ ಮುಂದಿನ ಗೋಲು ಹೊಡೆದವರೇ ಗೆದ್ದಂತೆ. ಇವನ್ನೆಲ್ಲ ಯಾರೂ ಕೂತು ಬರೆದಿಲ್ಲ, ಚಳಿ ಕಲಿಸಿಕೊಟ್ಟಿದೆ. ಎಲ್ಲಿ ಆಡಬೇಕು, ಎಷ್ಟು ಹೊತ್ತು ಆಡಬೇಕು, ಯಾವ ಚೆಂಡು, ಯಾವ ಕೋಲು ಎಂಬುದನ್ನೂ ಉಷ್ಣಮಾಪಕವೇ ತೀರ್ಮಾನಿಸುತ್ತದೆ. ಹಿತ್ತಲಲ್ಲಿ ಮಕ್ಕಳಿಗೊಂದು ರಿಂಕ್, ಅಂದರೆ ಐಸಿನ ಅಂಗಳ, ಮಾಡಿಕೊಡಲು ಹೊರಟವರು ಹಲಗೆ ಕೊಯ್ಯುವ ಮೊದಲು ಚಳಿಯ ಹದ ನೋಡುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಚಳಿಯ ಹದ

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ನಿಜ. ಆದರೆ ಸೊನ್ನೆಯನ್ನು ನಂಬಿ ರಿಂಕ್ ತುಂಬಿಸಿದವರಿಗೆ ಸಿಗುವುದು ರಾಡಿ. ನವೆಂಬರಿನ ನೆಲದಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ, ಹಗಲಿನ ಬಿಸಿಲು ರಾತ್ರಿಯ ಗಳಿಕೆಯನ್ನೆಲ್ಲ ಕರಗಿಸುತ್ತದೆ. ಕೆನಡಾದ ಹೊರಾಂಗಣ ಸ್ಕೇಟಿಂಗ್ ಋತು ಎಂದು ಶುರುವಾಗುತ್ತದೆ ಎಂದು ಲೆಕ್ಕ ಹಾಕಿದ ಹವಾಮಾನ ಸಂಶೋಧಕರು 2012ರಲ್ಲಿ ಒಂದು ಸರಳ ಅಳತೆ ಇಟ್ಟುಕೊಂಡರು: ಸತತ ಮೂರು ದಿನ ಗರಿಷ್ಠ ತಾಪಮಾನ ಮೈನಸ್ 5 ಡಿಗ್ರಿಯನ್ನು ಮೀರಬಾರದು. ಮನೆಯವರಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಗಮನಿಸಿ, ಇದು ನಡುಹಗಲಿನ ಲೆಕ್ಕ. ರಾತ್ರಿ ಮೈನಸ್ 12 ಇದ್ದು ಮಧ್ಯಾಹ್ನ ಪ್ಲಸ್ 2 ಆಗುವ ವಾರದಲ್ಲಿ ಕೈಕಟ್ಟಿ ಕೂರುವುದೇ ಜಾಣತನ.

ವಿನಿಪೆಗ್, ಎಡ್ಮಂಟನ್ ಕಡೆ ಈ ಹದ ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಿಗೇ ಕೂಡಿಬರುತ್ತದೆ. ಒಟ್ಟಾವಾ, ಮಾಂಟ್ರಿಯಲ್‌ಗಳಲ್ಲಿ ಡಿಸೆಂಬರ್ ನಡುವಿನ ನಂತರ. ಟೊರಾಂಟೊದಲ್ಲಿ ಜನವರಿಯಲ್ಲೂ ಬಂದು ಹೋಗಿ ಮಾಡುತ್ತದೆ. ವ್ಯಾಂಕೂವರಿನ ಮಕ್ಕಳಿಗೆ ಐಸ್ ಅಪರೂಪ, ಅವರ ಹಾಕಿ ಬಹುಪಾಲು ರಸ್ತೆಯ ಮೇಲೆ.

ಚಳಿ ಹೆಚ್ಚಿದಷ್ಟೂ ಆಟ ಚೆನ್ನ ಎಂಬುದೂ ತಪ್ಪು. ಐಸಿನ ಮೇಲ್ಮೈಯಲ್ಲಿರುವ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ, ಸಡಿಲವಾಗಿ ಉರುಳಾಡುತ್ತಿರುತ್ತವೆ. ಸ್ಕೇಟು, ಅಂದರೆ ಅಡಿಗೆ ಅಲಗು ಜೋಡಿಸಿದ ಬೂಟು, ಜಾರುವುದು ಇವುಗಳ ಮೇಲೆ. ಮೈನಸ್ 7ರ ಆಸುಪಾಸಿನಲ್ಲಿ ಜಾರಿಕೆ ಅತಿ ಹೆಚ್ಚು. ಅದಕ್ಕಿಂತ ಬೆಚ್ಚಗಾದರೆ ಐಸ್ ಮೆತ್ತಗಾಗಿ ಅಲಗು ಉತ್ತಂತೆ ಒಳಕ್ಕೆ ಇಳಿಯುತ್ತದೆ. ಮೈನಸ್ 20ರ ಕೆಳಗೆ ಮೇಲ್ಮೈಯ ಅಣುಗಳೂ ಬಿಗಿದುಕೊಂಡು, ಸ್ಕೇಟು ಮರಳಿನ ಮೇಲೆ ಎಳೆದಂತೆ ತಡೆಯುತ್ತದೆ, ಐಸ್ ಪೆಡಸಾಗಿ ಚಕ್ಕೆ ಏಳುತ್ತದೆ. ಮೈನಸ್ 5ರಿಂದ 15ರವರೆಗಿನ ದಿನಗಳೇ ಚಿನ್ನದ ದಿನಗಳು. ರಿಂಕಿನ ಕೆಲಸವಾಗಲಿ, ಆಟವಾಗಲಿ, ಆ ದಿನಗಳನ್ನು ಪೋಲು ಮಾಡಬಾರದು.

ಕೆರೆಯೋ, ಹಿತ್ತಲೋ, ರಸ್ತೆಯೋ

ಸಸ್ಕಾಚೆವಾನಿನ ಹೊಲಗಳ ನಡುವಿನ ಸಣ್ಣ ನೀರುಗುಂಡಿಗಳು, ಒಂಟಾರಿಯೊದ ಕೆರೆಗಳು ಹೆಪ್ಪುಗಟ್ಟಿದಾಗ ಸಿಗುವ ಐಸಿಗೆ ಹಿತ್ತಲಿನ ಯಾವ ರಿಂಕೂ ಸಾಟಿಯಲ್ಲ. ಆದರೆ ಅಲ್ಲಿ ತಪ್ಪಿಗೆ ಪ್ರಾಣವೇ ಬೆಲೆ. ಒಬ್ಬರೇ ನಡೆಯಲು ಅಥವಾ ಸ್ಕೇಟ್ ಮಾಡಲು 15 ಸೆಂ.ಮೀ., ಗುಂಪಾಗಿ ಆಡಲು 20 ಸೆಂ.ಮೀ. ದಪ್ಪ ಬೇಕೆಂದು ಕೆನಡಾದ ರೆಡ್ ಕ್ರಾಸ್ ಹೇಳುತ್ತ ಬಂದಿದೆ. ಈ ಲೆಕ್ಕ ನೀಲಿಯಾದ, ತಿಳಿಯಾದ ಐಸಿಗೆ. ಹಿಮ ನೆನೆದು ಗಟ್ಟಿಯಾದ ಬಿಳಿ ಐಸಿನ ಬಲ ಅದರ ಸುಮಾರು ಅರ್ಧ, 20 ಸೆಂ.ಮೀ. ಬಿಳಿ ಐಸನ್ನು 10 ಎಂದೇ ಎಣಿಸಿ. ಬೂದು ಬಣ್ಣದ್ದಾಗಿದ್ದರೆ ಒಳಗೆ ನೀರಿದೆ ಎಂದರ್ಥ, ಕಾಲಿಡಬೇಡಿ.

ಒಂದೇ ಕಡೆ ಕೊರೆದು ನೋಡಿ ನಿಶ್ಚಿಂತರಾಗುವುದು ಸಾಮಾನ್ಯ ತಪ್ಪು. ಆಡುವ ಜಾಗದುದ್ದಕ್ಕೂ ಅಲ್ಲಲ್ಲಿ ಕೊರೆದು ಪಟ್ಟಿಯಿಂದ ಅಳೆಯಿರಿ. ತೊರೆ ಬಂದು ಸೇರುವ ಬಾಯಿ, ಮೋರಿ, ಸೇತುವೆಯ ಕಂಬ, ಜೊಂಡು ಬೆಳೆದ ಅಂಚು, ಬೀವರ್ ಗೂಡಿನ ಸುತ್ತ ಐಸ್ ಸದಾ ತೆಳು. ಹರಿಯುವ ನದಿಯ ಐಸ್ ಇಂದು ಗಟ್ಟಿ ಇದ್ದದ್ದು ನಾಳೆ ಇರುವುದೆಂಬ ಖಾತರಿಯಿಲ್ಲ, ಅಡಿಯ ಪ್ರವಾಹ ಅದನ್ನು ಕೆಳಗಿನಿಂದ ತಿನ್ನುತ್ತಿರುತ್ತದೆ. ಮೊದಲ ಹಿಮ ಬಿದ್ದ ಮೇಲೆ ಇನ್ನೊಂದು ತೊಡಕು: ಹಿಮ ಕಂಬಳಿಯಂತೆ ಹೊದ್ದುಕೊಂಡು ಐಸ್ ಬೆಳೆಯುವುದನ್ನೇ ತಡೆಯುತ್ತದೆ. ಹೊರಗೆ ಮೈನಸ್ 20 ಇದ್ದರೂ ಹಿಮದಡಿಯ ಐಸ್ ತೆಳ್ಳಗೇ ಉಳಿದಿರಬಹುದು.

ಮಕ್ಕಳಿಗೆ ಕಲಿಸಲೇಬೇಕಾದ ಒಂದು ಸೂತ್ರವಿದೆ, 1-10-1. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರ ಸಂಶೋಧನೆಯಿಂದ ಬಂದದ್ದು. ಐಸ್ ಒಡೆದು ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸ ಮಾಡುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ. ಮೊದಲ ನಿಮಿಷ ಗಾಬರಿಯಾಗದೆ ತೇಲಬೇಕು. ಬಳಿಕ ಬಂದ ದಿಕ್ಕಿಗೇ ತಿರುಗಿ, ಕಾಲು ಬಡಿಯುತ್ತ ಎದೆಯನ್ನು ಐಸಿನ ಮೇಲೆ ಎಳೆದುಕೊಂಡು, ಎದ್ದು ನಿಲ್ಲದೆ ಉರುಳುತ್ತ ದೂರ ಹೋಗಬೇಕು. ದಡದಲ್ಲಿರುವವರು ಹತ್ತಿರ ಓಡಬಾರದು. ಮಲಗಿಕೊಂಡು ಹಾಕಿ ಕೋಲನ್ನೋ ಹಗ್ಗವನ್ನೋ ಚಾಚಬೇಕು.

ಹಿತ್ತಲಿನ ರಿಂಕಿನಲ್ಲಿ ಈ ಭಯವಿಲ್ಲ. ಐಸ್ ಒಡೆದರೂ ನೀರು ಮೊಣಕಾಲು ಮುಟ್ಟುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಅದೇ ಸರಿ.

ನೆಲ ಗಟ್ಟಿಯಾಗುವ ಮುನ್ನ

ಅಕ್ಟೋಬರ್ ಕೊನೆಯಲ್ಲಿ ಗೂಟ ಹೊಡೆಯದಿದ್ದರೆ ಡಿಸೆಂಬರಿನಲ್ಲಿ ಸುತ್ತಿಗೆ ಮುರಿದರೂ ಅದು ಇಳಿಯುವುದಿಲ್ಲ. ಹಾಗಾಗಿ ಜಾಗ, ಮಟ್ಟ, ಗೂಟ ಈ ಮೂರೂ ಶರತ್ಕಾಲದ ಕೆಲಸ.

ಮನೆಯ ಉತ್ತರಕ್ಕಿರುವ ಹಿತ್ತಲು ಅತ್ಯುತ್ತಮ. ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಿನಲ್ಲೇ ಸಾಗುತ್ತಾನೆ, ಮನೆಯ ನೆರಳು ಐಸನ್ನು ಕಾಯುತ್ತದೆ. ಎಲೆ ಉದುರಿಸುವ ಮರದಡಿ ಬೇಡ. ಐಸಿನ ಮೇಲೆ ಬಿದ್ದ ಒಂದು ಒಣ ಎಲೆ ಬಿಸಿಲು ಹೀರಿ ತನ್ನದೇ ಆಕಾರದ ಗುಳಿ ತೋಡುತ್ತದೆ, ಆ ಗುಳಿಗೆ ಸ್ಕೇಟು ಸಿಕ್ಕರೆ ಮಗು ಮುಖ ಅಡಿಯಾಗಿ ಬೀಳುತ್ತದೆ.

6.1 ಮೀಟರ್ ಅಗಲ, 12.2 ಮೀಟರ್ ಉದ್ದ, ಅಂದರೆ 20 ಅಡಿಗೆ 40 ಅಡಿ, ಆರು ಮಕ್ಕಳಿಗೆ ಧಾರಾಳ. ಈ ಅಳತೆಗೆ ಇನ್ನೊಂದು ಅನುಕೂಲವಿದೆ: 4 ಅಡಿಗೆ 8 ಅಡಿಯ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಿದರೆ 60 ಸೆಂ.ಮೀ. ಎತ್ತರದ ಎರಡು ಪಟ್ಟಿ ಸಿಗುತ್ತವೆ, ಸುತ್ತಳತೆಗೆ ಅಂಥ 15 ಪಟ್ಟಿ ಸಾಕು. ಎಂಟು ಹಾಳೆ ತಂದರೆ ಒಂದು ಪಟ್ಟಿ ಉಳಿಯುತ್ತದೆ. ಗೋಲಿನ ಹಿಂದೆ ಕಿಟಕಿಯೋ ಬೇಲಿಯೋ ಇದ್ದರೆ ಆ ಕಡೆಗೆ ಸೀಳದ ಪೂರ್ತಿ ಹಾಳೆ ನಿಲ್ಲಿಸಲು ಇನ್ನೊಂದೆರಡು ಹೆಚ್ಚಿಗೆ ತನ್ನಿ.

ಕಣ್ಣಿಗೆ ಸಮತಟ್ಟಾಗಿ ಕಾಣುವ ಹುಲ್ಲುಹಾಸು ಸಾಮಾನ್ಯವಾಗಿ ಸಮತಟ್ಟಾಗಿರುವುದಿಲ್ಲ. ನಾಲ್ಕು ಮೂಲೆಗೂ ಗೂಟ ಹೊಡೆದು, ದಾರ ಬಿಗಿದು, ದಾರಕ್ಕೆ ಸಣ್ಣ ಮಟ್ಟಕೊಳವೆ ನೇತುಹಾಕಿ, ದಾರದಿಂದ ನೆಲಕ್ಕೆ ಎಷ್ಟು ಎಂದು ಎಲ್ಲ ಮೂಲೆಗಳಲ್ಲೂ ಅಳೆಯಿರಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ವ್ಯತ್ಯಾಸವೇ ಇಳಿಜಾರು. ನೀರು ಇಳಿಜಾರಿಗೆ ರಿಯಾಯಿತಿ ಕೊಡುವುದಿಲ್ಲ. ಎತ್ತರದ ತುದಿಯಲ್ಲಿ ಕನಿಷ್ಠ 8 ಸೆಂ.ಮೀ. ನೀರು ನಿಲ್ಲಬೇಕು. 14 ಸೆಂ.ಮೀ. ಇಳಿಜಾರಿದ್ದರೆ ತಗ್ಗಿನ ತುದಿಯಲ್ಲಿ 22 ಸೆಂ.ಮೀ. ನಿಲ್ಲುತ್ತದೆ. 30 ಸೆಂ.ಮೀ. ಮೀರಿದ ಇಳಿಜಾರಿನಲ್ಲಿ ಈ ಸಾಹಸ ಬೇಡ, ಬೇರೆ ಜಾಗ ನೋಡಿ.

ಕಾರಣ ಒತ್ತಡ. ಕೆರೆಯ ಏರಿ ಬುಡದಲ್ಲಿ ದಪ್ಪಗಿರುವುದಕ್ಕೂ ಇದೇ ಕಾರಣ. 22 ಸೆಂ.ಮೀ. ನೀರು 2.4 ಮೀಟರಿನ ಒಂದು ಪಟ್ಟಿಯನ್ನು ಸುಮಾರು 60 ಕೆ.ಜಿ. ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಆಳ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು, 44 ಸೆಂ.ಮೀ.ಗೆ 240 ಕೆ.ಜಿ. ಗೂಟಗಳನ್ನು ಹಲಗೆಯ ಹೊರಬದಿಗೆ, ಎತ್ತರದ ಕಡೆ 120 ಸೆಂ.ಮೀ.ಗೊಂದು, ತಗ್ಗಿನ ಕಡೆ 60 ಸೆಂ.ಮೀ.ಗೊಂದು ಹೊಡೆಯಿರಿ. ತಗ್ಗಿನ ಮೂಲೆಗಳಿಗೆ ಓರೆ ಆನಿಕೆಯನ್ನೂ ಕೊಡಿ. ಮೊಳೆ ಬೇಡ, ತಿರುಪು ಹಾಕಿ. ತಿರುಪಿನ ಮೊನೆ ಒಳಮುಖಕ್ಕೆ ಚಾಚಿಕೊಂಡಿರಬಾರದು.

ಹೆಚ್ಚಿನ ರಿಂಕುಗಳು ಸೋರುವುದು ಹಲಗೆಯ ಅಡಿಯಿಂದ. ಹಲಗೆಗೂ ನೆಲಕ್ಕೂ ನಡುವೆ ಎರಡು ಬೆರಳು ಸಂದಿದ್ದರೆ ನೀರಿನ ಭಾರಕ್ಕೆ, ರಿಂಕಿನೊಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಆ ಸಂದಿನೊಳಗೆ ಬಲೂನಿನಂತೆ ಉಬ್ಬಿ ಹರಿಯುತ್ತದೆ. ಮಣ್ಣು ಅಥವಾ ಫೋಮ್ ತುಂಡಿನಿಂದ ಸಂದುಗಳನ್ನೆಲ್ಲ ಮುಚ್ಚಿ, ಅಂಗೈ ಆಡಿಸಿ ಪರೀಕ್ಷಿಸಿ. ಕಲ್ಲು, ಕಡ್ಡಿ ಒಂದೂ ಉಳಿಯದಂತೆ ನೆಲ ಗುಡಿಸಿ.

ಹಾಳೆ ಮತ್ತು ನೀರು

ಹಾಳೆ ಬಿಳಿ ಪಾಲಿಥೀನ್ ಆಗಿರಲಿ, 0.15 ಮಿ.ಮೀ. ದಪ್ಪದ್ದು, ಒಂದೇ ತುಂಡು. ಕಪ್ಪು ಹಾಳೆ ಬಿಸಿಲು ಹೀರಿ ಐಸನ್ನು ಅಡಿಯಿಂದ ಕರಗಿಸುತ್ತದೆ. ಪಾರದರ್ಶಕ ಹಾಳೆಯಡಿಯ ಕಂದು ಹುಲ್ಲೂ ಅದನ್ನೇ ಮಾಡುತ್ತದೆ. ಎರಡು ತುಂಡನ್ನು ಟೇಪ್ ಹಚ್ಚಿ ಕೂಡಿಸಿದ ಬೆಸುಗೆ ಚಳಿಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಅಳತೆಗೆ 8 ಮೀಟರ್‌ಗೆ 14 ಮೀಟರಿನ ಹಾಳೆ ಬೇಕು. ಬಿಗಿಯಾಗಿ ಎಳೆಯದೆ, ಮೂಲೆಗಳಲ್ಲಿ ನೆರಿಗೆ ಬಿಟ್ಟು ಸಡಿಲವಾಗಿ ಹಾಸಿ. ನೀರು ತುಂಬುತ್ತ ಅದು ತಾನೇ ನೆಲಕ್ಕೆ ಕೂರಬೇಕು. ತುಂಬುವ ಮುನ್ನವೇ ಹಲಗೆಯ ತಲೆಗೆ ಬಿಗಿದುಬಿಟ್ಟರೆ ಮೂಲೆಯಲ್ಲೇ ಹರಿಯುತ್ತದೆ.

ಹಾಳೆ ಹಾಸುವುದು ನೀರು ಬಿಡುವ ದಿನವೇ. ವಾರ ಮುಂಚೆ ಹಾಸಿದರೆ ಗಾಳಿ ಎತ್ತಿ ಹರಿಯುತ್ತದೆ, ಎಲೆ ಬಿದ್ದು ಕೂರುತ್ತದೆ. ಮುನ್ಸೂಚನೆಯಲ್ಲಿ ಮೂರು-ನಾಲ್ಕು ರಾತ್ರಿ ಮೈನಸ್ 10 ಅಥವಾ ಕೆಳಗೆ, ಹಗಲು ಮೈನಸ್ 5ರ ಕೆಳಗೆ ಕಂಡಾಗ ಹಾಸಿ ತುಂಬಿಸಿ. ಸರಾಸರಿ 15 ಸೆಂ.ಮೀ. ಆಳಕ್ಕೆ ಸುಮಾರು 11,000 ಲೀಟರ್ ನೀರು ಬೇಕು. ನಿಮಿಷಕ್ಕೆ 25 ಲೀಟರ್ ಬಿಡುವ ತೋಟದ ಕೊಳವೆಗೆ ಅದು ಏಳೂವರೆ ಗಂಟೆಯ ಕೆಲಸ. ಒಂದೇ ಸಲಕ್ಕೆ ತುಂಬಿಸಿ. ಅರ್ಧ ತುಂಬಿ ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನರ್ಧ ತುಂಬಿಸಿದರೆ ಕೆಳಗಿನ ತೆಳು ಐಸ್ ಬುಡ ಬಿಟ್ಟು ಮೇಲೆ ತೇಲಿ, ಪದರಗಳ ನಡುವೆ ನೀರು ಸಿಕ್ಕಿಕೊಳ್ಳುತ್ತದೆ.

ಆಮೇಲೆ ತಾಳ್ಮೆ ಬೇಕು. ಮೇಲೆ ಕೆನೆಗಟ್ಟಿದ ಐಸೇ ಕೆಳಗಿನ ನೀರಿಗೆ ಹೊದಿಕೆಯಾಗುವುದರಿಂದ ಮೊದಲ 5 ಸೆಂ.ಮೀ. ಬೇಗ, ಮುಂದಿನ 5 ಬಹಳ ನಿಧಾನ. 10 ಸೆಂ.ಮೀ. ಆಗಲು ಸಾಮಾನ್ಯವಾಗಿ ಮೂರರಿಂದ ಐದು ದಿನ. ಈ ನಡುವೆ ಮಕ್ಕಳು ಅಂಚಿಗೆ ಕಾಲಿಟ್ಟು ಒಡೆದರೆ ಅಡಿಯ ನೀರು ಮೇಲೆ ಉಕ್ಕಿ ಒರಟಾಗಿ ಗಟ್ಟಿಯಾಗುತ್ತದೆ, ಅದನ್ನು ನುಣುಪು ಮಾಡಲು ಒಂದು ವಾರ ಬೇಕು. ಹಿಮ ಬಿದ್ದರೆ ಉದ್ದ ಹಿಡಿಯ ಕುಂಚದಿಂದ ಅಂಚಿನಲ್ಲೇ ನಿಂತು ಎಳೆದು ತೆಗೆಯಿರಿ.

ಹಾಳೆಯಿಲ್ಲದೆಯೂ ಮಾಡಬಹುದು. ನೆಲ ಆಳದವರೆಗೆ ಗಟ್ಟಿಯಾಗುವ ಪ್ರೇರಿ ಎಂಬ ಬಯಲುಸೀಮೆಯಲ್ಲಿ 10 ಸೆಂ.ಮೀ. ಹಿಮವನ್ನು ತುಳಿದು ಗಟ್ಟಿಮಾಡಿ, ಮೂರು-ನಾಲ್ಕು ರಾತ್ರಿ ಮಂಜಿನಂತೆ ನೀರು ಚಿಮುಕಿಸುತ್ತ, ಅದು ನೀರು ಕುಡಿಯುವುದನ್ನು ನಿಲ್ಲಿಸಿದ ಮೇಲೆ ತೆಳು ಪದರಗಳನ್ನು ಹಾಕುತ್ತ ಹೋಗುತ್ತಾರೆ. ಒಂಟಾರಿಯೊದ ಬ್ರ್ಯಾಂಟ್‌ಫರ್ಡ್‌ನಲ್ಲಿ ವಾಲ್ಟರ್ ಗ್ರೆಟ್ಸ್ಕಿ ಹುಲ್ಲುಹಾಸಿನ ಸ್ಪ್ರಿಂಕ್ಲರನ್ನೇ ಬಳಸಿ ಮುಂದೆ ಐಸ್ ಹಾಕಿಯ ದಂತಕಥೆಯಾದ ಮಗ ವೇಯ್ನ್‌ಗೆ ಹಿತ್ತಲಲ್ಲಿ ಐಸ್ ಮಾಡಿಕೊಟ್ಟದ್ದು ದೇಶಕ್ಕೆಲ್ಲ ಗೊತ್ತು. ಆದರೆ ನಡುವೆ ನಡುವೆ ಕರಗುವ ಊರುಗಳಲ್ಲಿ ಹಾಳೆಯೇ ಮೇಲು, ಕರಗಿದ ನೀರು ಅಲ್ಲೇ ನಿಂತು ಮತ್ತೆ ಗಟ್ಟಿಯಾಗುತ್ತದೆ.

ದಿನವೂ ಸಾರಿಸುವ ಕೆಲಸ

ರಿಂಕ್ ಹುಟ್ಟುವುದು ಒಂದು ದಿನದಲ್ಲಿ, ಬದುಕುವುದು ರಾತ್ರಿಗಳಲ್ಲಿ. ಮಕ್ಕಳು ಆಡಿ ಒಳಗೆ ಹೋದ ಮೇಲೆ ಹಿಮ ಮತ್ತು ಐಸಿನ ಪುಡಿಯನ್ನು ಸನಿಕೆಯಿಂದ ತಳ್ಳಿ, ಪೊರಕೆಯಿಂದ ಗುಡಿಸಿ, ಬಳಿಕ ತೆಳ್ಳಗೆ ನೀರು ಸಾರಿಸಬೇಕು. ಗುಡಿಸದೆ ನೀರು ಬಿಡುವುದು ಅತಿ ದೊಡ್ಡ ತಪ್ಪು. ಪುಡಿ ನೆನೆದು ಗಂಟುಗಂಟಾಗಿ ಹೆಪ್ಪುಗಟ್ಟಿ ನೆಲ ಒರಟು ಗಾರೆಯಂತಾಗುತ್ತದೆ.

ಸಾರಿಸುವ ಸಾಧನವನ್ನು ಮನೆಯಲ್ಲೇ ಮಾಡಿ. 120 ಸೆಂ.ಮೀ. ಉದ್ದದ ಪಿವಿಸಿ ಕೊಳವೆಗೆ 5 ಸೆಂ.ಮೀ.ಗೊಂದರಂತೆ 3 ಮಿ.ಮೀ. ತೂತು ಕೊರೆದು, ಎರಡೂ ತುದಿಗೆ ಮುಚ್ಚಳ ಹಾಕಿ, ನಡುವೆ ಟಿ ಜೋಡಣೆಯಿಂದ ಹಿಡಿಕೆಯ ಕೊಳವೆ ಏರಿಸಿ. ಅದಕ್ಕೊಂದು ಕವಾಟ, ಮೇಲೆ ನೀರಿನ ಕೊಳವೆ. ತೂತಿನ ಕೊಳವೆಗೆ ದಪ್ಪ ಟವೆಲ್ ಸುತ್ತಿ ಹಿಂದಕ್ಕೆ ಜೋಲುಬಿಡಿ. ನೀರು ಟವೆಲ್ಲಿನಿಂದ ಇಳಿಯುತ್ತ, ಟವೆಲ್ ಅದನ್ನು ಹರಡುತ್ತ ಬರುತ್ತದೆ. ದೂರದ ತುದಿಯಿಂದ ಶುರುಮಾಡಿ ಹಿಂದಕ್ಕೆ ನಡೆಯಿರಿ. 1.5 ಮಿ.ಮೀ. ಪದರಕ್ಕೆ 110 ಲೀಟರ್ ಸಾಕು.

ಬಿಸಿನೀರು ಸಿಕ್ಕರೆ ಬಿಸಿನೀರನ್ನೇ ಬಳಸಿ. ಅದು ಹಳೆಯ ಐಸಿನ ಮೇಲ್ಮೈಯನ್ನು ಕೊಂಚ ಕರಗಿಸಿ ಅದರೊಂದಿಗೆ ಬೆಸೆಯುತ್ತದೆ, ಗೀರುಗಳೊಳಗೆ ಇಳಿಯುತ್ತದೆ. ಬಿಸಿನೀರಿನಲ್ಲಿ ಕರಗಿದ ಗಾಳಿ ಕಡಿಮೆಯಾದ್ದರಿಂದ ಐಸ್ ತಿಳಿಯಾಗಿ ಗಟ್ಟಿಯಾಗುತ್ತದೆ. ಒಳಾಂಗಣ ರಿಂಕುಗಳ ಐಸನ್ನು ನುಣುಪು ಮಾಡುವ ಜಾಂಬೋನಿ ಯಂತ್ರಕ್ಕೂ ಬಿಸಿನೀರೇ ತುಂಬುತ್ತಾರೆ. ಆ ಯಂತ್ರ 1949ರಲ್ಲಿ ತಯಾರಾದದ್ದು ಹಿಮವೇ ಬೀಳದ ಕ್ಯಾಲಿಫೋರ್ನಿಯಾದ ಪ್ಯಾರಾಮೌಂಟ್ ಊರಿನಲ್ಲಿ! ತಣ್ಣೀರಾದರೆ ಪದರ ಇನ್ನೂ ತೆಳುವಿರಲಿ.

ಸಾರಿಸಲು ಮೈನಸ್ 7ರಿಂದ 15ರ ನಡುವಿನ, ಗಾಳಿಯಿಲ್ಲದ ರಾತ್ರಿ ಆಯ್ದುಕೊಳ್ಳಿ. ಗಾಳಿಯಿದ್ದರೆ ನೀರು ಅಲೆಯಲೆಯಾಗಿ ಹೆಪ್ಪುಗಟ್ಟುತ್ತದೆ. ಮೈನಸ್ 20ರ ಕೆಳಗೆ ದಪ್ಪ ಪದರ ಹಾಕಿದರೆ ಮೇಲೆ ಚಿಪ್ಪುಗಟ್ಟಿ, ಅಡಿಯ ನೀರು ಇಳಿದುಹೋಗಿ, ನಡುವೆ ಟೊಳ್ಳು ಉಳಿಯುತ್ತದೆ. ಸ್ಕೇಟು ಇಟ್ಟೊಡನೆ ಹಪ್ಪಳದಂತೆ ಮುರಿಯುವ ಐಸ್ ಇದೇ. ಟೊಳ್ಳು ಕಂಡಲ್ಲಿ ಚಿಪ್ಪನ್ನು ಒಡೆದು, ಚೂರು ತೆಗೆದು, ತಣ್ಣೀರು ಮತ್ತು ಹಿಮ ಕಲಸಿದ ಗಂಜಿ ತುಂಬಿ ಸನಿಕೆಯ ಬೆನ್ನಿನಿಂದ ಒತ್ತಿ. ಬಿರುಕುಗಳಿಗೂ ಇದೇ ಮದ್ದು. ತೀವ್ರ ಚಳಿಗೆ ಐಸ್ ಕುಗ್ಗಿ ಢಂ ಎಂದು ಬಿರುಕು ಬಿಡುವುದು ಸಹಜ, ಸದ್ದಿಗೆ ಹೆದರಬೇಕಿಲ್ಲ. ಬೆರಳಿನಷ್ಟು ಅಗಲವಾದರೆ ಮಾತ್ರ ತುಂಬಿ.

ಕೆಲಸ ಮುಗಿದೊಡನೆ ಕೊಳವೆಯನ್ನು ನಲ್ಲಿಯಿಂದ ಬಿಚ್ಚಿ, ನೀರು ಬಸಿದು, ಮನೆಯೊಳಗೆ ತನ್ನಿ. ಚಳಿ ತಡೆಯುವ ನಲ್ಲಿ ಎಂದು ಕೊಂಡದ್ದಕ್ಕೂ ಕೊಳವೆ ಸಿಕ್ಕಿಸಿಯೇ ಬಿಟ್ಟರೆ ನೀರು ಒಳಗೇ ನಿಂತು, ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗಿ, ಗೋಡೆಯೊಳಗಿನ ಪೈಪನ್ನು ಸೀಳುತ್ತದೆ. ಅದು ಗೊತ್ತಾಗುವುದು ವಸಂತದಲ್ಲಿ ನಲ್ಲಿ ತಿರುಗಿಸಿದಾಗ.

ಆಟದ ಕಟ್ಟಳೆ

ಐಸ್ ಹದವಾಯಿತು, ಇನ್ನು ಮಕ್ಕಳಿಗೆ ಬಿಡಿ. ದೊಡ್ಡವರು ತಂಡ ಹಂಚಬೇಕಿಲ್ಲ. ಎಲ್ಲರ ಕೋಲುಗಳನ್ನೂ ನಡುವೆ ರಾಶಿ ಹಾಕಿ, ಒಬ್ಬರು ಕಣ್ಣುಮುಚ್ಚಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಎಸೆಯುತ್ತಾರೆ. ಕೋಲು ಹೋದ ಕಡೆ ಆಟಗಾರ. ಯಾರನ್ನೂ ಕೊನೆಗೆ ಉಳಿಸಿ ನೋಯಿಸದ ವಿಧಾನವಿದು, ಯಾವ ತರಬೇತುದಾರನ ಆಯ್ಕೆಗಿಂತಲೂ ನ್ಯಾಯವಾದದ್ದು. ತಡವಾಗಿ ಬಂದವರು ಕಡಿಮೆ ಜನರಿರುವ ಕಡೆ ಸೇರುತ್ತಾರೆ, ಊಟಕ್ಕೆ ಕರೆದವರು ಹೋಗುತ್ತಾರೆ, ಆಟ ನಿಲ್ಲುವುದಿಲ್ಲ.

ಗೋಲ್‌ಕೀಪರ್ ಇಲ್ಲದಿರುವುದಕ್ಕೆ ಕಾರಣ ಸರಳ: ಮೈನಸ್ 12ರಲ್ಲಿ ಒಂದೇ ಕಡೆ ನಿಂತ ಮಗು ಹತ್ತು ನಿಮಿಷದಲ್ಲಿ ಮರಗಟ್ಟುತ್ತದೆ. ಹಾಗಾಗಿ ಗೋಲನ್ನೇ ಚಿಕ್ಕದು ಮಾಡುತ್ತಾರೆ. ಎರಡು ಬೂಟು, ನಡುವೆ ಒಂದು ಕೋಲಿನ ಅಂತರ. ನ್ಯೂ ಬ್ರನ್ಸ್‌ವಿಕ್‌ನ ಪ್ಲಾಸ್ಟರ್ ರಾಕ್‌ನಲ್ಲಿ 2002ರಿಂದ ನಡೆಯುವ ವಿಶ್ವ ಕೊಳ ಹಾಕಿ ಪಂದ್ಯಾವಳಿಯಲ್ಲೂ ತಂಡಕ್ಕೆ ನಾಲ್ವರು, ಗೋಲ್‌ಕೀಪರ್ ಇಲ್ಲ, ಗೋಲು ತಗ್ಗಾದ ಮರದ ಪೆಟ್ಟಿಗೆ. ದೂರದಿಂದ ಸುಮ್ಮನೆ ಹೊಡೆದು ಗೋಲು ಕದಿಯದಂತೆ, ನಡುಗೆರೆ ದಾಟಿದ ಮೇಲೆಯೇ ಹೊಡೆಯಬೇಕು ಎಂಬ ಒಪ್ಪಂದ ಸಾಕು.

ಪಕ್ ಎತ್ತಬಾರದು ಎಂಬುದಕ್ಕೆ ಎರಡು ಕಾರಣ. ಮೊಣಕಾಲಿಗೆ ರಕ್ಷಣೆಯಿಲ್ಲ, ಹಿಂದೆ ಈಟನ್ಸ್ ಅಂಗಡಿಯ ದಪ್ಪ ಕ್ಯಾಟಲಾಗನ್ನು ಕಾಲಿಗೆ ಕಟ್ಟಿಕೊಂಡು ಆಡುತ್ತಿದ್ದ ಕಾಲವಿತ್ತು. ಎತ್ತಿ ಹೊಡೆದ ಪಕ್ ಹಿಮದ ದಿಬ್ಬ ಹೊಕ್ಕರೆ ಸಿಗುವುದೂ ಕಷ್ಟ. ಹೊಡೆದವರೇ ಹುಡುಕಬೇಕು ಎಂಬ ಕಟ್ಟಳೆ ಬಂದದ್ದು ಹೀಗೆ. ಹುಡುಕುವಾಗ ದಿಬ್ಬ ಕೆದಕಬೇಡಿ. ಪಕ್ ಒಳಹೊಕ್ಕ ಸೀಳುಗಂಡಿ ಹಿಮದ ಮೇಲೆ ಕಾಣುತ್ತದೆ, ಅದೇ ಓರೆಯಲ್ಲಿ ಕೋಲು ತೂರಿಸಿ. ಹೇಗೂ ನಾಲ್ಕು ಪಕ್ ಇಟ್ಟುಕೊಂಡಿರಿ.

ಪಕ್ ಎಂದರೆ ಗಡಸು ರಬ್ಬರಿನ ಬಿಲ್ಲೆ: 7.6 ಸೆಂ.ಮೀ. ವ್ಯಾಸ, 2.5 ಸೆಂ.ಮೀ. ದಪ್ಪ, 156ರಿಂದ 170 ಗ್ರಾಂ. ಹತ್ತು ವರ್ಷದೊಳಗಿನವರಿಗೆ 113 ಗ್ರಾಮಿನ ನೀಲಿ ಪಕ್ ಕೊಡಿ, ಭಾರದ್ದು ಅವರ ಮಣಿಕಟ್ಟನ್ನು ಹಿಂಡಿ ತಪ್ಪು ರೂಢಿ ಕಲಿಸುತ್ತದೆ. ತಣ್ಣಗಾದ ರಬ್ಬರ್ ಪುಟಿಯುವುದಿಲ್ಲ, ದೊಡ್ಡ ಪಂದ್ಯಗಳಲ್ಲಿ ಪಕ್ಕನ್ನು ಮೊದಲೇ ಫ್ರೀಜರಿನಲ್ಲಿಡುವುದು ಅದಕ್ಕೇ. ಹಿತ್ತಲಲ್ಲಿ ಆ ಕೆಲಸವನ್ನು ಹವೆಯೇ ಮಾಡುತ್ತದೆ. ಚಪ್ಪಟೆ ಬಿಲ್ಲೆಯೂ ಒಂದು ಉಪಾಯವಾಗಿಯೇ ಬಂದದ್ದು: 1875ರ ಮಾರ್ಚ್ 3ರಂದು ಮಾಂಟ್ರಿಯಲ್‌ನ ವಿಕ್ಟೋರಿಯಾ ರಿಂಕಿನಲ್ಲಿ ನಡೆದ ಮೊದಲ ಒಳಾಂಗಣ ಪಂದ್ಯಕ್ಕೆ, ಚೆಂಡು ಪುಟಿದು ನೋಡುಗರಿಗೆ ತಗುಲದಿರಲೆಂದು ಮರದ ಬಿಲ್ಲೆ ಬಳಸಿದರು. ಹಳ್ಳಿಗಾಡಿನ ಮಕ್ಕಳು ಗಟ್ಟಿಯಾದ ಕುದುರೆ ಲದ್ದಿಯನ್ನೇ ಪಕ್ ಮಾಡಿಕೊಂಡು ಆಡಿದ್ದೂ ಉಂಟು.

ಕೋಲಿನ ಉದ್ದ ಸ್ಕೇಟು ಹಾಕಿ ನಿಂತಾಗ ಗದ್ದಕ್ಕೆ ಬರಲಿ. ಹೊರಗೆ ಆಡಲು ಮರದ ಕೋಲೇ ಸರಿ. ಸ್ಕೇಟಿನ ಅಲಗು ಮಸೆಸುವಾಗ ಅದರ ಅಡಿಯುದ್ದಕ್ಕೂ ಸಾಮಾನ್ಯವಾದ ಅರ್ಧ ಅಂಗುಲ ತ್ರಿಜ್ಯದ ಬಾಗಿನ ಕೊರೆತ ಸಾಕು. ಗಟ್ಟಿ ಚಳಿಯ ಐಸಿಗೆ, ಹಗುರ ಮೈಯ ಮಕ್ಕಳಿಗೆ ಕೊಂಚ ಆಳದ ಕೊರೆತ ಚೆನ್ನಾಗಿ ಕಚ್ಚುತ್ತದೆ. ಸಿಮೆಂಟಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಮಸೆತ ಹೋಯಿತು, ಮನೆ ಬಾಗಿಲಿನಿಂದ ರಿಂಕಿನವರೆಗೆ ರಬ್ಬರ್ ಚಾಪೆ ಹಾಸಿ.

ಐಸ್ ಇಲ್ಲದ ದಿನ ಆಟ ರಸ್ತೆಗೆ ಬರುತ್ತದೆ. ಸ್ಕೇಟಿಲ್ಲ, ಬೂಟು, ಪಕ್ಕಿಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು ಅಥವಾ ಟೆನಿಸ್ ಚೆಂಡು. ಪ್ಲಾಸ್ಟಿಕ್ ಚೆಂಡು ಗಡ್ಡೆಗಟ್ಟುವ ಚಳಿಗೆ ಕಲ್ಲಾಗುತ್ತದೆ, ಆ ದಿನ ಟೆನಿಸ್ ಚೆಂಡೇ ಇರಲಿ. ಆದರೆ ಅದು ನೆನೆದು ಹೆಪ್ಪುಗಟ್ಟಿದರೆ ಅದೂ ಕಲ್ಲೇ, ಒಣಗಿದ ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ವಾಹನ ಕಂಡವರು ‘ಕಾರ್!’ ಎಂದು ಕೂಗಿದೊಡನೆ ಗೋಲು ಎತ್ತಿ ಬದಿಗೆ ಸರಿಯುವುದು, ಹೋದ ಮೇಲೆ ‘ಗೇಮ್ ಆನ್!’

ಮೈ ಕಾಯುವುದು

ತಾಪಮಾನ ಮೈನಸ್ 25ಕ್ಕಿಂತ ಇಳಿದರೆ ಅಥವಾ ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿಯ ಅಳತೆ, ಮೈನಸ್ 28 ಮುಟ್ಟಿದರೆ ಮಕ್ಕಳನ್ನು ಒಳಗಿರಿಸಿ ಎನ್ನುತ್ತದೆ ಕೆನಡಾದ ಮಕ್ಕಳ ವೈದ್ಯರ ಸಂಘ. ವಿಂಡ್ ಚಿಲ್ ಮೈನಸ್ 28ರಿಂದ 39ರವರೆಗಿದ್ದಾಗ ತೆರೆದ ಚರ್ಮಕ್ಕೆ 10ರಿಂದ 30 ನಿಮಿಷದಲ್ಲಿ ಹಿಮಕಡಿತ ಆಗಬಹುದು. ಸ್ಕೇಟ್ ಮಾಡುವ ವೇಗವೂ ಮುಖಕ್ಕೆ ಗಾಳಿಯೇ ಎಂಬುದನ್ನು ಮರೆಯಬಾರದು.

ಹತ್ತಿಯ ಬಟ್ಟೆ ಬೇಡ. ಓಡಿ ಬೆವರಿದ ಮಗು ನಿಂತೊಡನೆ ಒದ್ದೆ ಹತ್ತಿ ಮೈಬಿಸಿಯನ್ನು ಹೀರುತ್ತದೆ. ಒಳಗೆ ಉಣ್ಣೆ ಅಥವಾ ಕೃತಕ ನೂಲು, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಅಂಗಿ. ಆಡುವಾಗ ಒಂದು ಪದರ ಕಳಚಿ, ಕೂತಾಗ ಹೊದ್ದುಕೊಳ್ಳುವುದನ್ನು ರೂಢಿಸಿ. ಜೋಲಾಡುವ ಮಫ್ಲರ್ ಕುತ್ತಿಗೆಗೆ ಉರುಳಾದೀತು, ಕೊಳವೆಯಂತಹ ಕತ್ತುಪಟ್ಟಿ ಹಾಕಿ. ಹೆಲ್ಮೆಟ್ ಪ್ರತಿಯೊಬ್ಬರಿಗೂ ಕಡ್ಡಾಯ, ಇದರಲ್ಲಿ ಚೌಕಾಸಿ ಇಲ್ಲ. ಕಾಲು ತಣ್ಣಗಾಗುತ್ತದೆಂದು ಎರಡೆರಡು ಕಾಲುಚೀಲ ತುರುಕುವುದು ಉಲ್ಟಾ ಕೆಲಸ. ಸ್ಕೇಟು ಬಿಗಿದು ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ತೆಳುವಾದ ಒಂದು ಉಣ್ಣೆ ಜೊತೆ ಸಾಕು.

ಇಪ್ಪತ್ತು ನಿಮಿಷಕ್ಕೊಮ್ಮೆ ಕೆನ್ನೆ, ಮೂಗು, ಕಿವಿ ನೋಡಿ. ಚರ್ಮ ಬೆಳ್ಳಗೆ ಮೇಣದಂತಾಗಿ ಮರಗಟ್ಟಿದ್ದರೆ ತಕ್ಷಣ ಒಳಗೆ. ಉಜ್ಜಬಾರದು, ಹಿಮ ಸವರಬಾರದು, ಹೀಟರಿಗೆ ಹಿಡಿಯಬಾರದು. ಉಗುರುಬೆಚ್ಚಗಿನ ನೀರಿನಲ್ಲಿಡಿ, ಬಣ್ಣ ಮರಳದಿದ್ದರೆ ವೈದ್ಯರಲ್ಲಿಗೆ. ಕಬ್ಬಿಣದ ಗೋಲು ಕಂಬಕ್ಕೆ ನಾಲಿಗೆ ತಾಗಿಸಿ ಅಂಟಿಸಿಕೊಳ್ಳುವ ಮಗು ಪ್ರತಿ ಬೀದಿಯಲ್ಲೂ ಇರುತ್ತದೆ. ಎಳೆಯಬೇಡಿ, ಬೆಚ್ಚನೆಯ ನೀರು ಸುರಿದರೆ ತಾನೇ ಬಿಡುತ್ತದೆ.

ಮಾಂಟ್ರಿಯಲ್‌ನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕೂಕಾಲಿಗೇ ಮುಳುಗುತ್ತಾನೆ, ಶಾಲೆ ಬಿಟ್ಟು ಬರುವಷ್ಟರಲ್ಲಿ ಕತ್ತಲು. ಎದುರುಬದುರು ಎರಡು ದೀಪಗಳನ್ನು 3-4 ಮೀಟರ್ ಎತ್ತರದಲ್ಲಿ ಕಟ್ಟಿ. ಒಂದೇ ದೀಪವಿದ್ದರೆ ಆಟಗಾರರ ನೆರಳಿನಲ್ಲಿ ಪಕ್ ಮಾಯವಾಗುತ್ತದೆ.

ಫೆಬ್ರವರಿ ದಾಟಿದ ಮೇಲೆ

ಬಿಸಿಲು ಬಲಿಯುತ್ತಿದ್ದಂತೆ ಮೊದಲು ಸೋಲುವುದು ರಿಂಕಿನ ಉತ್ತರದ ಅಂಚು. ದಕ್ಷಿಣಕ್ಕೆ ಮುಖ ಮಾಡಿದ ಆ ಹಲಗೆ ಬಿಸಿಲು ಹೀರಿ ಬುಡದ ಐಸನ್ನು ಕರಗಿಸುತ್ತದೆ. ಹಲಗೆಗೆ ಬಿಳಿ ಬಣ್ಣ ಬಳಿದಿದ್ದರೆ, ಬುಡಕ್ಕೆ ಹಿಮ ಒತ್ತಿದ್ದರೆ ಒಂದೆರಡು ವಾರ ಹೆಚ್ಚು ಸಿಗುತ್ತದೆ. ಮೆತ್ತಗಾದ ದಿನ ಯಾರನ್ನೂ ಇಳಿಸಬೇಡಿ; ಒಂದು ಮಧ್ಯಾಹ್ನದ ಆಟ ಮಾಡಿದ ಗುಂಡಿಗಳನ್ನು ಮುಚ್ಚಲು ಮೂರು ರಾತ್ರಿ ಬೇಕು.

ಚಳಿಗಾಲವೇ ಸಡಿಲವಾಗುತ್ತಿದೆ ಎಂಬ ಆತಂಕ ಇಲ್ಲಿನವರದು. ಒಟ್ಟಾವಾದ ರಿಡೋ ಕಾಲುವೆಯ 7.8 ಕಿ.ಮೀ. ಸ್ಕೇಟಿಂಗ್ ಹಾದಿ ತೆರೆಯಲು ಸುಮಾರು 30 ಸೆಂ.ಮೀ. ಐಸ್ ಬೇಕು. 1970ರ ದಶಕದ ಆರಂಭದಿಂದ ಪ್ರತಿವರ್ಷ ತೆರೆಯುತ್ತಿದ್ದ ಅದು 2022-23ರಲ್ಲಿ ಮೊದಲ ಬಾರಿಗೆ ತೆರೆಯಲೇ ಇಲ್ಲ. ವಿಲ್‌ಫ್ರಿಡ್ ಲೋರಿಯರ್ ವಿಶ್ವವಿದ್ಯಾಲಯದ ಭೂಗೋಳ ತಜ್ಞರು 2013ರಲ್ಲಿ ಆರಂಭಿಸಿದ ರಿಂಕ್‌ವಾಚ್ ಯೋಜನೆಗೆ ಹಿತ್ತಲ ರಿಂಕಿನವರು ತಮ್ಮ ಐಸ್ ಇಂದು ಆಡಲು ಯೋಗ್ಯವೇ ಅಲ್ಲವೇ ಎಂದು ವರದಿ ಮಾಡುತ್ತ ಬಂದಿದ್ದಾರೆ. ನೀವೂ ಒಂದು ಪುಸ್ತಕದಲ್ಲಿ ದಿನಾಂಕ, ನಡುಹಗಲಿನ ತಾಪಮಾನ, ಆಡಿದರೋ ಇಲ್ಲವೋ ಎಂದು ಬರೆದಿಡಿ. ಮುಂದಿನ ವರ್ಷ ನೀರು ಯಾವಾಗ ಬಿಡಬೇಕೆಂದು ಆ ಪುಟಗಳೇ ಹೇಳುತ್ತವೆ.

ಮಾರ್ಚಿನಲ್ಲಿ ಸಾಲಾಗಿ ನಾಲ್ಕು ದಿನ ಸೊನ್ನೆಯ ಮೇಲೆ ಹೋದರೆ ತಡಮಾಡದೆ ಕಳಚಲು ಶುರುಮಾಡಿ. ಎತ್ತರದ ಬದಿಯ ಹಲಗೆಗಳನ್ನು ಮೊದಲು ತೆಗೆದು, ತಗ್ಗಿನ ಮೂಲೆಯಲ್ಲಿ ಹಾಳೆಗೆ ಸಣ್ಣ ಗಾಯ ಮಾಡಿ ನೀರನ್ನು ಮೆಲ್ಲಗೆ, ಮನೆಯ ಬುನಾದಿಯಿಂದ ದೂರಕ್ಕೆ ಹರಿಸಿ. ಹಲಗೆ ಒಮ್ಮೆಲೇ ಬಿಚ್ಚಿದರೆ ಹತ್ತು ಸಾವಿರ ಲೀಟರ್ ನೆರೆಮನೆಯ ನೆಲಮಾಳಿಗೆಗೆ ನುಗ್ಗೀತು. ಐಸ್ ಹೋದೊಡನೆ ಹಾಳೆ ಎತ್ತಿ, ಇಲ್ಲದಿದ್ದರೆ ಬಿಸಿಲಿಗೆ ಅಡಿಯ ಹುಲ್ಲು ಬೆಂದುಹೋಗುತ್ತದೆ. ಗೂಟಗಳನ್ನು ನೆಲ ಸಡಿಲವಾದ ಮೇಲೆ ಕೀಳಿ, ಹಲಗೆಗಳಿಗೆ ಕ್ರಮಾಂಕ ಬರೆದು ಒಣಗಿಸಿಡಿ. ಅಂಚಿನ ಹಿಮದ ದಿಬ್ಬಗಳನ್ನು ಮಾತ್ರ ಕೆಡವಬೇಡಿ, ತಾವಾಗಿ ಕರಗಲಿ. ಜನವರಿಯಲ್ಲಿ ಕಳೆದ ಪಕ್ಕುಗಳು ಒಂದೊಂದಾಗಿ ಹೊರಗೆ ಬರುವುದು ಆಗಲೇ.